ಫೈಲು ಮನೆಯಲ್ಲಿಡಿ, ಅಂಗಡಿಯಲ್ಲಿ ಕೂರಿ

ಪ್ರಶ್ನೆ: ನಾನು 34 ವರ್ಷ ಬ್ಯಾಂಕಿನಲ್ಲಿ ದುಡಿದು ಕಳೆದ ವರ್ಷ ನಿವೃತ್ತನಾದೆ. ಈಗ ಹಾವೇರಿ ಜಿಲ್ಲೆಯ ನಮ್ಮೂರಿಗೇ ಬಂದು ನೆಲೆಸಿದ್ದೇನೆ. ಇಲ್ಲಿನ ಕಿರಾಣಿ ಅಂಗಡಿಯವರು, ಟೈಲರ್‌ಗಳು, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ದುಡ್ಡು ತಗೊಳ್ಳದೆ ಮಾರ್ಗದರ್ಶನ ಮಾಡಬೇಕು ಅಂತ ಆಸೆ. ಮೂರ್ನಾಲ್ಕು ಜನಕ್ಕೆ ಹೇಳಿಯೂ ನೋಡಿದೆ. "ಆಯ್ತು ಸರ, ಮಾಡೋಣ" ಅನ್ನುತ್ತಾರೆ, ಏನೂ ಮಾಡುವುದಿಲ್ಲ. ಒಬ್ಬರಂತೂ ಸಾಲಕ್ಕೆ ಜಾಮೀನು ನಿಲ್ಲಿ ಅಂದುಬಿಟ್ಟರು. ನಾನು ಎಲ್ಲಿ ತಪ್ಪುತ್ತಿದ್ದೇನೆ? ಎಲ್ಲಿಂದ ಶುರು ಮಾಡಲಿ?

ಉತ್ತರ: "ಆಯ್ತು ಸರ" ಅಂದರೆ ಏನು ಅಂತ ಮೊದಲು ನೋಡೋಣ. ಅದು ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. "ನೀವು ದೊಡ್ಡವರು, ಎದುರು ಮಾತಾಡಲ್ಲ, ಆದರೆ ಗಿರಾಕಿ ಕಾಯ್ತಿದ್ದಾರೆ" ಅಂತ ಅರ್ಥ. ಬ್ಯಾಂಕಿನ ಕೌಂಟರಿನ ಆ ಕಡೆ 34 ವರ್ಷ ಕೂತವರಿಗೆ ಇದು ಗೊತ್ತಾಗುವುದು ಸ್ವಲ್ಪ ತಡ. ಅಲ್ಲಿ ಜನ ನಿಮ್ಮ ಹತ್ತಿರ ಬರುತ್ತಿದ್ದರು. ಇಲ್ಲಿ ನೀವು ಅವರ ಹತ್ತಿರ ಹೋಗಿದ್ದೀರಿ, ಅದೂ ಅವರು ಕರೆಯದೆ.

ನನ್ನದೇ ಕಥೆ ಕೇಳಿ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಂದು ಬೇಕರಿಯವರಿಗೆ ನಾಲ್ಕು ಪುಟದ ವರದಿ ಬರೆದುಕೊಟ್ಟಿದ್ದೆ. ಒಂದು ವಾರ ಕೂತು ಟೈಪ್ ಮಾಡಿದ್ದು. ಖರ್ಚು ಹೇಗೆ ಇಳಿಸಬೇಕು, ಶೋಕೇಸ್ ಎಲ್ಲಿಡಬೇಕು, ಏನೇನು ಲೈಸೆನ್ಸ್ ಬೇಕು ಎಲ್ಲ ಇತ್ತು. ಹದಿನೈದು ದಿನ ಬಿಟ್ಟು ಅಲ್ಲೇ ಖಾರಾ ಬಿಸ್ಕತ್ತು ತಗೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ನನ್ನ ವರದಿಯ ಮೂರನೇ ಪುಟ! ಅಚ್ಚಾದ ಕಾಗದದಲ್ಲಿ ತಿಂಡಿ ಕಟ್ಟಬಾರದು ಅನ್ನುವ ನಿಯಮವನ್ನು ಅದೇ ಪುಟದಲ್ಲಿ ಬರೆದಿದ್ದೆ. ಎಣ್ಣೆ ಇಳಿದು ಅಕ್ಷರ ಚೆನ್ನಾಗಿ ಕಾಣುತ್ತಿತ್ತು.

ಅವರ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆಮೇಲೆ ಯೋಚಿಸಿದೆ. ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಮನುಷ್ಯನಿಗೆ ನಾನು ಇನ್ನೂ ಹನ್ನೆರಡು ಕೆಲಸ ಹಚ್ಚಿ ಬಂದಿದ್ದೆ. ಅವರಿಗೆ ಬೇಕಿದ್ದದ್ದು ಇರುವ ಕೆಲಸದಲ್ಲಿ ಒಂದನ್ನು ಇಳಿಸಿಕೊಡುವವರು. ಅಂದಿನಿಂದ ನಾನು ಸಲಹೆ ಕೊಡುವುದನ್ನು ಮೂರನೇ ಭೇಟಿಯ ತನಕ ಮುಂದೂಡುತ್ತೇನೆ. ಮೊದಲ ಎರಡು ಸಲ ಸುಮ್ನೆ ಕೂರುತ್ತೇನೆ.

ಕೂರುವುದಕ್ಕೂ ಹೊತ್ತು ಗೊತ್ತು ಅಂತ ಇರುತ್ತದೆ. ಕಿರಾಣಿ ಅಂಗಡಿಯಾದರೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಸಂತೆಯ ದಿನ ಬೇಡವೇ ಬೇಡ. ಖಾನಾವಳಿಯಾದರೆ ಊಟದ ಭರಾಟೆ ಮುಗಿದು ಪಾತ್ರೆ ತೊಳೆಯುವ ಹೊತ್ತು. ಒಂದು ಸ್ಟೂಲ್ ಎಳೆದುಕೊಂಡು ಚಹಾ ಕುಡಿಯುತ್ತಾ ನೋಡುತ್ತಿರಿ. ಗಲ್ಲಾದಿಂದ ದುಡ್ಡು ಯಾರ್ಯಾರು ತೆಗೆಯುತ್ತಾರೆ? ಮಗ ಬಂದು ಪೆಟ್ರೋಲಿಗೆ ಅಂತ 200 ತಗೊಂಡು ಹೋದನಾ? ಅದನ್ನು ಯಾರಾದರೂ ಬರೆದುಕೊಂಡರಾ? ಉದ್ರಿ ಪುಸ್ತಕ ಎಲ್ಲಿದೆ? ಅದರಲ್ಲಿ ಹಳೇ ಬಾಕಿಯ ಮೇಲೆ ಹೊಸ ಬಾಕಿ ಬರೆಯುತ್ತಿದ್ದಾರಾ? ಸರಬರಾಜಿನವನು ಬಂದಾಗ ಅವನು ಕೇಳಿದಷ್ಟು ಕೊಡುತ್ತಾರಾ, ಬಿಲ್ಲು ತಾಳೆ ನೋಡುತ್ತಾರಾ? ಒಂದು ಗಂಟೆ ಕೂತರೆ ಬ್ಯಾಲೆನ್ಸ್ ಶೀಟ್ ಹೇಳದ್ದನ್ನೆಲ್ಲ ಗಲ್ಲಾ ಹೇಳುತ್ತದೆ.

ನೀವು ರೊಟ್ಟಿ ಮಾಡುವವರ ಮಾತೆತ್ತಿದಿರಿ. ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ನಾನು ಜೊತೆಗೆ ಕೂತು ಬರೆಸಿದ ಲೆಕ್ಕ ಇದು, ದರಗಳು ಆಗಿನವು.

ಆ ಅಕ್ಕ ದಿನಕ್ಕೆ 300 ಖಡಕ್ ಜೋಳದ ರೊಟ್ಟಿ ಮಾಡಿಸುತ್ತಿದ್ದರು. ಅಂಗಡಿಗಳಿಗೆ, ಎರಡು ಖಾನಾವಳಿಗಳಿಗೆ ಒಂದಕ್ಕೆ 7 ರೂಪಾಯಿಯಂತೆ ಕೊಡುತ್ತಿದ್ದರು. ಕೆಜಿ ಹಿಟ್ಟಿಗೆ 15 ರೊಟ್ಟಿ. ಬೀಸಿದ ಕೂಲಿ ಸೇರಿ ಕೆಜಿಗೆ 45 ರೂಪಾಯಿ ಬೀಳುತ್ತಿತ್ತು, ಅಂದರೆ ರೊಟ್ಟಿಗೆ 3 ರೂಪಾಯಿ ಹಿಟ್ಟು. "ಏಳಕ್ಕ ಮಾರ್ತೀನಿ ಸರ, ಮೂರು ಹೋದ್ರ ನಾಕು ಉಳಿತೈತಿ" ಅಂದರು. ನಾಲ್ಕರಂತೆ ಮುನ್ನೂರಕ್ಕೆ ದಿನಕ್ಕೆ 1,200. ತಿಂಗಳಿಗೆ ಮೂವತ್ತು ಸಾವಿರದ ಮೇಲಾಯಿತು. "ಹಂಗಾದ್ರ ಆ ರೊಕ್ಕ ಎಲ್ಲಿ ಹೋಗ್ತೈತಿ ಅಂತ ನನಗ ತಿಳಿವಲ್ದು" ಅನ್ನುವುದೇ ಅವರ ದೂರು. ಗಂಡನ ಮೇಲೆ ಅನುಮಾನ, ಮಗನ ಮೇಲೆ ಅನುಮಾನ.

ಒಂದು ವಾರ ಬರೆದೆವು. ಹಿಟ್ಟು 900. ಬಡಿಯಲು ಬರುವ ಇಬ್ಬರು ಹೆಣ್ಣುಮಕ್ಕಳಿಗೆ ರೊಟ್ಟಿಗೆ ಒಂದೂವರೆಯಂತೆ 450. ಗ್ಯಾಸ್ 300, ಅದನ್ನು ಕಮರ್ಷಿಯಲ್ ಸಿಲಿಂಡರಿನ ದರದಲ್ಲೇ ಹಾಕಿದೆವು. ಮನೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಸಿಕ್ಕಿಬಿದ್ದರೆ ಕಷ್ಟ. ಹತ್ತರ ಕಟ್ಟಿಗೆ ಕವರು ಮತ್ತು ಚೀಟಿ ಸೇರಿ 3 ರೂಪಾಯಿ, ಮೂವತ್ತು ಕಟ್ಟಿಗೆ 90. ಆಟೋ 120. ಎಲ್ಲ ಸೇರಿ 1,860. ಮಾರಾಟ 2,100. ಉಳಿದದ್ದು 240. ಅಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ದಿನಕ್ಕೆ ಸುಮಾರು 20 ರೊಟ್ಟಿ ಮುರಿದು ವಾಪಸ್ ಬರುತ್ತಿದ್ದವು. ಅದು 140. ಕೊನೆಗೆ ಕೈಯಲ್ಲಿ ಉಳಿದದ್ದು 100 ರೂಪಾಯಿ. ನಸುಕಿನ ನಾಲ್ಕಕ್ಕೆ ಎದ್ದು ಮಧ್ಯಾಹ್ನದ ತನಕ ಒಲೆ ಮುಂದೆ ಕೂತ ಒಡತಿಗೆ ನೂರು, ಕೂಲಿಗೆ ಬಂದವರಿಗೆ ತಲಾ ಇನ್ನೂರಿಪ್ಪತ್ತೈದು!

ಆ ಲೆಕ್ಕ ಕೂಡಿಸಿದ್ದು ನಾನಲ್ಲ, ಅವರೇ. ಏಳನೇ ಇಯತ್ತೆ ಓದಿದವರು. ಕೂಡಿಸಿ ಮುಗಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಗಂಡ ತಗೊಂಡಿಲ್ಲ ಹಂಗಾರ" ಅಂದರು.

ಇಲ್ಲೊಂದು ಸೂಕ್ಷ್ಮವಿದೆ. ಅವರಿಗೆ ಕೂಲಿ ಕೊಡುವುದು ಗೊತ್ತಿತ್ತು, ಆಟೋ ಬಾಡಿಗೆ ಗೊತ್ತಿತ್ತು, ಎಲ್ಲವೂ ಗೊತ್ತಿತ್ತು. ಆದರೆ ಒಂದೊಂದು ಖರ್ಚು ಒಂದೊಂದು ಜೇಬಿನಿಂದ, ಒಂದೊಂದು ದಿನ ಹೋಗುತ್ತಿತ್ತು. ಗ್ಯಾಸಿಗೆ ಗಂಡ ಕೊಡುತ್ತಿದ್ದ, ಕೂಲಿ ಶನಿವಾರ ಕೊಡುತ್ತಿದ್ದರು, ಕವರು ಹುಬ್ಬಳ್ಳಿಗೆ ಹೋದಾಗ ತಮ್ಮ ತರುತ್ತಿದ್ದ. ಎಲ್ಲವನ್ನೂ ಒಂದೇ ಹಾಳೆಗೆ ತಂದದ್ದಷ್ಟೇ ನನ್ನ ಕೆಲಸ.

ಮುಂದಿನದೆಲ್ಲ ಅವರ ತಲೆಯಿಂದಲೇ ಬಂತು. ರೊಟ್ಟಿ ಮುರಿಯುವುದು ಬಿಸಿ ಆರುವ ಮುಂಚೆ ಕವರಿಗೆ ತುಂಬಿದ್ದರಿಂದ ಅಂತ ಅವರಿಗೇ ಹೊಳೆಯಿತು. ಒಳಗೆ ಬೆವರಿ ಮೆತ್ತಗಾಗಿ ಮುರಿಯುತ್ತಿದ್ದವು. ಒಂದು ತಾಸು ಜಾಸ್ತಿ ಆರಲು ಬಿಟ್ಟರು, ವಾಪಸ್ ಬರುವುದು 20ರಿಂದ 8ಕ್ಕೆ ಇಳಿಯಿತು. ದರ 8 ರೂಪಾಯಿ ಮಾಡಿದರು. ಎರಡು ಅಂಗಡಿಯವರು ಬೇಡ ಅಂದರು, ದಿನದ ರೊಟ್ಟಿ 260ಕ್ಕೆ ಇಳಿಯಿತು. ಕೂಲಿಯವರಿಗೆ ನಷ್ಟವಾಗದಂತೆ ರೊಟ್ಟಿಗೆ 1.75 ಕೊಟ್ಟರು, ಅವರಿಗೆ ಮೊದಲಿನಷ್ಟೇ ಸಿಕ್ಕಿತು. 40 ರೊಟ್ಟಿ ಕಡಿಮೆ ಮಾಡಿಯೂ ಅಕ್ಕನ ಕೈಗೆ ದಿನಕ್ಕೆ 300 ದಾಟಿತು. ದೊಡ್ಡ ಮೊತ್ತವಲ್ಲ, ನನಗೂ ಗೊತ್ತು. ಆದರೆ ಇದನ್ನು ಮಾಡದೆ "ದಿನಕ್ಕೆ 600 ರೊಟ್ಟಿ ಮಾಡಿ, ಮಷಿನ್ ತಗೊಳ್ಳಿ, ಸಾಲ ಕೊಡಿಸ್ತೀನಿ" ಅಂದಿದ್ದರೆ ಆ ಸೋರಿಕೆಯನ್ನೇ ಎರಡರಷ್ಟು ಮಾಡಿ ಅದರ ಮೇಲೆ ಕಂತು ಹೇರಿದಂತಾಗುತ್ತಿತ್ತು. ಬ್ಯಾಂಕಿನಿಂದ ಬಂದವರಿಗೆ ಈ ಒಂದು ಮಾತು ಒತ್ತಿ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ನಮ್ಮಂಥವರಿಗೆ ಯಾವ ಕಾಯಿಲೆಗೂ ಸಾಲವೇ ಔಷಧಿ ಅನ್ನಿಸಿಬಿಡುತ್ತದೆ.

ಹಾಗಂತ ನಿಮ್ಮ ಬ್ಯಾಂಕಿನ ಅನುಭವ ವ್ಯರ್ಥ ಅಂತಲ್ಲ. ನಿಮ್ಮ ಕಸುಬಿನ ಹಿರಿಯರನ್ನೇ ನೆನೆಯಿರಿ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ಡಾ. ಟಿ.ಎಂ.ಎ. ಪೈ ಮತ್ತವರ ಜೊತೆಗಾರರು ಮಾಡಿದ್ದೇನು? ಉಳಿತಾಯದ ಬಗ್ಗೆ ಭಾಷಣ ಬಿಗಿಯಲಿಲ್ಲ. ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಆಳು ಕಳಿಸಿ ಎರಡಾಣೆ ತಗೊಂಡರು. ಚಿಕ್ಕ ಮೊತ್ತ, ದಿನಾ, ಅವರಿದ್ದಲ್ಲಿಗೇ ಹೋಗಿ. ನಮ್ಮ ಸಣ್ಣ ವ್ಯಾಪಾರಿಗಳ ಸ್ವಭಾವಕ್ಕೆ ಇಷ್ಟು ಚೆನ್ನಾಗಿ ಒಪ್ಪಿದ ಇನ್ನೊಂದು ಉಪಾಯ ನಾನು ಕಂಡಿಲ್ಲ. ಮಾರ್ಗದರ್ಶನವನ್ನೂ ಪಿಗ್ಮಿಯಂತೆಯೇ ಮಾಡಬೇಕು. ತಿಂಗಳಿಗೊಮ್ಮೆ ಮೂರು ತಾಸಿನ ಕ್ಲಾಸು ಬೇಡ. ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಸಾಕು.

ಆ ಇಪ್ಪತ್ತು ನಿಮಿಷದಲ್ಲಿ ಏನು ಮಾಡಿಸಬೇಕು? ಮೊದಲ ತಿಂಗಳು ಒಂದೇ ಕೆಲಸ: ಮನೆಯ ದುಡ್ಡು, ಅಂಗಡಿಯ ದುಡ್ಡು ಬೇರೆ ಮಾಡುವುದು. ಹೇಳಲು ಸುಲಭ, ಮಾಡಿಸಲು ಕಷ್ಟ. "ಮನೆಗೆ ತಗೋಬೇಡಿ" ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು, ಮನೆ ನಡೆಯಬೇಕಲ್ಲ. ಬದಲಿಗೆ ಅವರಿಗೆ ಅವರೇ ಸಂಬಳ ಗೊತ್ತುಮಾಡಿಕೊಳ್ಳಲಿ. ದಿನಕ್ಕೆ 400 ಅಂತಲೋ 500 ಅಂತಲೋ. ರಾತ್ರಿ ಬಾಗಿಲು ಹಾಕುವಾಗ ಅಷ್ಟನ್ನು ತೆಗೆದು ಮನೆಯವರ ಕೈಗೆ ಕೊಟ್ಟು ಪುಸ್ತಕದಲ್ಲಿ ಬರೆಯಲಿ. ಅದಕ್ಕಿಂತ ಜಾಸ್ತಿ ತಗೊಂಡರೆ ಅದನ್ನೂ ಬರೆಯಲಿ, ನಾಚಿಕೆ ಬೇಡ. ಎರಡು ತಿಂಗಳಲ್ಲಿ ಅಂಗಡಿ ಮನೆಯನ್ನು ಸಾಕುತ್ತಿದೆಯೋ, ಮನೆ ಅಂಗಡಿಯನ್ನು ಸಾಕುತ್ತಿದೆಯೋ ಗೊತ್ತಾಗುತ್ತದೆ.

ಈ ಬೇರೆ ಮಾಡುವ ಮಾತು ಈಗ ಬರೀ ಶಿಸ್ತಿನ ವಿಷಯವಾಗಿ ಉಳಿದಿಲ್ಲ. 2025ರ ಜುಲೈ ನೆನಪಿದೆ ಅಲ್ವಾ? ಯುಪಿಐಗೆ ಬಂದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ನಿಮ್ಮ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ಬಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆಮೇಲೆ ಪ್ರತಿಭಟನೆಯಾಗಿ, ತೆರಿಗೆಯಿಲ್ಲದ ಸರಕು ಮಾರುವವರಿಂದ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿಯವರೇ ಹೇಳಿದರು. ಆದರೆ ಎಷ್ಟೋ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಬರೆದ ರಟ್ಟು ನೇತಾಡಿತು.

ನನ್ನ ಪ್ರಕಾರ ಆ ಗಾಬರಿಗೆ ತೆರಿಗೆಗಿಂತ ದೊಡ್ಡ ಕಾರಣ ಒಂದೇ ಖಾತೆ. ವ್ಯಾಪಾರದ ದುಡ್ಡು, ಮಗಳ ಮದುವೆಗೆ ತಮ್ಮ ಕಳಿಸಿದ್ದು, ಚೀಟಿ ಎತ್ತಿದ್ದು, ಸ್ನೇಹಿತನಿಗೆ ಕೊಟ್ಟ ಕೈಗಡ ವಾಪಸ್ ಬಂದದ್ದು, ಎಲ್ಲ ಒಂದೇ ಕ್ಯೂಆರ್ ಕೋಡಿನಲ್ಲಿ. ಹೊರಗಿನಿಂದ ನೋಡುವವರಿಗೆ ಅದೆಲ್ಲ ವ್ಯಾಪಾರವೇ. ಇಂಥಲ್ಲಿ ನಿಮ್ಮಂಥವರು ಒಂದು ಮಧ್ಯಾಹ್ನದಲ್ಲಿ ದೊಡ್ಡ ಉಪಕಾರ ಮಾಡಬಹುದು. ಅವರ ಜೊತೆ ಬ್ಯಾಂಕಿಗೆ ಹೋಗಿ ವ್ಯಾಪಾರಕ್ಕೆ ಅಂತಲೇ ಇನ್ನೊಂದು ಖಾತೆ ತೆರೆಸಿ, ಅದರ ಕ್ಯೂಆರ್ ಮಾತ್ರ ಅಂಗಡಿಯಲ್ಲಿ ಅಂಟಿಸಿ. ಹಳೆಯದು ಮನೆಯ ವ್ಯವಹಾರಕ್ಕೆ ಇರಲಿ. ಖರೀದಿ ಬಿಲ್ಲುಗಳನ್ನು ತಂತಿಗೆ ಚುಚ್ಚುವ ಹಳೇ ಪದ್ಧತಿ ಇದೆಯಲ್ಲ, ಅದು ಬಹಳ ಒಳ್ಳೆಯದು, ಬಿಡಿಸಬೇಡಿ. ತಿಂಗಳಿಗೊಂದು ಕವರಿಗೆ ಹಾಕಿಸಿ, ಅಷ್ಟು ಸಾಕು.

ಮಿತಿಗಳನ್ನು ಮಾತ್ರ ಸರಿಯಾಗಿ ಹೇಳಿ, ಅರ್ಧಂಬರ್ಧ ಹೇಳಿದರೆ ಹೆದರಿಕೆ ಜಾಸ್ತಿಯಾಗುತ್ತದೆ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೋಟೆಲು, ಖಾನಾವಳಿ ಸೇವೆಯ ಲೆಕ್ಕಕ್ಕೆ ಬರುತ್ತವೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕನ್ನೇ ಪೂರ್ತಿ ಮಾರುವವರಿಗೆ ನೋಂದಣಿಯ ಹಂಗಿಲ್ಲ. ಆದರೆ ತರಕಾರಿ ಜೊತೆ ಸೋಪು, ಬಿಸ್ಕತ್ತೂ ಇಟ್ಟಿದ್ದರೆ ಎಲ್ಲವೂ ಸೇರಿ ಮಿತಿಯ ಲೆಕ್ಕ. ಮಿತಿ ದಾಟಿದವರಿಗೆ ಒಂದೂವರೆ ಕೋಟಿಯ ತನಕ ಕಾಂಪೊಸಿಷನ್ ಅನ್ನುವ ಸರಳ ದಾರಿ ಇದೆ, ವ್ಯಾಪಾರಿಗೆ ತೆರಿಗೆಯಿರುವ ಸರಕಿನ ವಹಿವಾಟಿನ 1%, ಹೋಟೆಲಿಗೆ 5%. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಅಂದ ಹಾಗೆ ರೊಟ್ಟಿ, ಚಪಾತಿಗೆ ಇದ್ದ 5% ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ನಮ್ಮ ಅಕ್ಕನಿಗೆ ಇದನ್ನು ಹೇಳಿದಾಗ "ಮದ್ಲ ಇತ್ತೇನು?" ಅಂದರು.

ಇನ್ನು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದು. 2020ರ ಜುಲೈ 1ರಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಅರ್ಧ ತಾಸಿನ ಕೆಲಸ, ಸರ್ಕಾರಕ್ಕೆ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಆದರೂ ಇದಕ್ಕೆ ಸಾವಿರ, ಎರಡು ಸಾವಿರ ತಗೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಸರ್ಕಾರದ್ದೇ ಅನ್ನಿಸುವಂಥ ವೆಬ್‌ಸೈಟುಗಳೂ ಇವೆ. ನೀವು ಪಕ್ಕದಲ್ಲಿ ಕೂತು ಮಾಡಿಸಿ, ಆದರೆ ಬೆರಳು ಅವರದ್ದೇ ಇರಲಿ. ಒಟಿಪಿ ಅವರೇ ನೋಡಲಿ, ಅವರೇ ಒತ್ತಲಿ. ಪಾಸ್‌ವರ್ಡು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಬೇಡಿ. ಒಳ್ಳೇತನಕ್ಕೇ ಬರೆದುಕೊಂಡಿರುತ್ತೀರಿ, ನಾಳೆ ಏನಾದರೂ ಎಡವಟ್ಟಾದರೆ ಮೊದಲ ಅನುಮಾನ ನಿಮ್ಮ ಮೇಲೆಯೇ.

ಸರ್ಟಿಫಿಕೇಟು ಬಂದಮೇಲೆ ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಹಾಕಿಕೊಳ್ಳಲಿ ಬಿಡಿ. ಆದರೆ ನಂಬರನ್ನು ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿ. ಯಾಕೆ ಗೊತ್ತಾ? ಊರಿನ ವೆಲ್ಡಿಂಗ್ ಶಾಪಿನವನು ದೊಡ್ಡ ಕಂಪನಿಗೆ ಗೇಟು, ಗ್ರಿಲ್ಲು ಮಾಡಿಕೊಟ್ಟು ಆರು ತಿಂಗಳು ಅಲೆಯುತ್ತಾನೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಗೆ ಕೊಡಬೇಕಾದ ದುಡ್ಡನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ, ಇದು ವೆಲ್ಡಿಂಗಿನವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಪೋರ್ಟಲನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಬಿಲ್ಲಿನ ಮೇಲೆ ಉದ್ಯಮ್ ನಂಬರು, ಅದರ ಕೆಳಗೆ "45 ದಿನದಲ್ಲಿ ಪಾವತಿ" ಅನ್ನುವ ಸಾಲು. ದೊಡ್ಡ ಕಂಪನಿಯ ಆಡಿಟರ್ ಅದನ್ನು ನೋಡಿಯೇ ನೋಡುತ್ತಾರೆ, ಯಾಕಂದರೆ 2024ರ ಏಪ್ರಿಲ್‌ನಿಂದ ಇಂಥ ಬಿಲ್ಲನ್ನು ಗಡುವಿನೊಳಗೆ ಕೊಡದಿದ್ದರೆ ಆ ವರ್ಷದ ಆದಾಯ ತೆರಿಗೆಯಲ್ಲಿ ಕಂಪನಿಗೆ ಅದನ್ನು ಖರ್ಚು ಅಂತ ತೋರಿಸಲು ಬರುವುದಿಲ್ಲ. ಜಗಳವಿಲ್ಲದೆ ಕೆಲಸವಾಗುವುದು ಹೀಗೆ. ಒಂದು ಎಚ್ಚರಿಕೆ: ಕಿರಾಣಿ ಅಂಗಡಿಯಂಥ ಬರೀ ಕೊಂಡು ಮಾರುವವರಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಅವರಿಗೆ ಅದರ ಪ್ರಯೋಜನ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ. ಈ 45 ದಿನದ ಹಕ್ಕು ಅವರಿಗಿಲ್ಲ.

ಜಾಮೀನಿನ ವಿಷಯಕ್ಕೆ ಬರೋಣ. ನಿಲ್ಲಬೇಡಿ. ಕೈಸಾಲವನ್ನೂ ಕೊಡಬೇಡಿ, ಐನೂರು ರೂಪಾಯಿಯಾದರೂ. ಮೊದಲ ಭೇಟಿಯಲ್ಲೇ ನಗುನಗುತ್ತಾ ಹೇಳಿಬಿಡಿ: "ನನ್ನ ಹತ್ತಿರ ದುಡ್ಡು ಕೇಳಬೇಡಿ, ಸಹಿ ಕೇಳಬೇಡಿ. ಬೇರೆ ಏನು ಬೇಕಾದರೂ ಕೇಳಿ." ಆಮೇಲೆ ಹೇಳಿದರೆ ಅವಮಾನವಾಗುತ್ತದೆ, ಮೊದಲೇ ಹೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಮ್ಮೆ ನಾನು ಮೂರು ಸಾವಿರ ಕೊಟ್ಟಿದ್ದೆ. ದುಡ್ಡು ಹೋದದ್ದು ದೊಡ್ಡದಲ್ಲ. ಆ ಮನುಷ್ಯ ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದ. ನಾಲ್ಕು ತಿಂಗಳ ಕೆಲಸ ಮೂರು ಸಾವಿರಕ್ಕೆ ಹಾಳಾಯಿತು.

ಸಾಲ ನಿಜವಾಗಿ ಬೇಕಾದವರಿಗೆ ದಾರಿ ತೋರಿಸುವುದು ನಿಮಗೆ ನೀರು ಕುಡಿದಷ್ಟು ಸುಲಭ, ಉದ್ದ ಮಾಡುವುದಿಲ್ಲ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ಶಿಶು ಅನ್ನುವ ಹಂತಕ್ಕೆ 50 ಸಾವಿರದ ತನಕ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ, ಅದನ್ನು ತೀರಿಸಿದವರಿಗೆ 20 ಲಕ್ಷ. ಆಸ್ತಿ ಅಡಮಾನ ಕೇಳುವಂತಿಲ್ಲ. ನಿಮ್ಮ ಟೈಲರ್‌ಗೆ ಕೈಕಸುಬಿನವರ ಯೋಜನೆಯಾದ ಪಿಎಂ ವಿಶ್ವಕರ್ಮ ನೋಡಿ, 18 ಕಸುಬುಗಳಲ್ಲಿ ಹೊಲಿಗೆಯೂ ಇದೆ. ತರಬೇತಿ, 15 ಸಾವಿರದ ಸಲಕರಣೆ ನೆರವು, 5% ಬಡ್ಡಿಗೆ ಮೊದಲು ಒಂದು ಲಕ್ಷ, ತೀರಿಸಿದರೆ ಎರಡು ಲಕ್ಷ. ಬೀದಿ ವ್ಯಾಪಾರಿಗಳಿಗೆ ಸ್ವನಿಧಿ, 2025ರಲ್ಲಿ ಬದಲಾದ ಮೇಲೆ ಒಂದನ್ನು ತೀರಿಸಿದಮೇಲೆ ಇನ್ನೊಂದರಂತೆ 15, 25, 50 ಸಾವಿರದ ಸಾಲ. ಶಾಖೆಯಲ್ಲಿ ಅರ್ಜಿ ಯಾಕೆ ವಾಪಸ್ ಬರುತ್ತದೆ ಅಂತ ನಿಮಗೆ ಗೊತ್ತು. ಬಾಡಿಗೆ ಕರಾರು ಇಲ್ಲ, ಹಳೇ ಸಾಲ ಕಟ್ಟದೆ ಸಿಬಿಲ್ ಅನ್ನುವ ಸಾಲದ ದಾಖಲೆಯಲ್ಲಿ ಕೂತ ಕಲೆ, ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು. ಅರ್ಜಿ ಹಾಕುವ ಒಂದು ತಿಂಗಳು ಮುಂಚೆ ಇವನ್ನು ಸರಿಮಾಡಿಸಿಕೊಡಿ. ಯಾವ ಏಜೆಂಟನೂ ಇದನ್ನು ಮಾಡುವುದಿಲ್ಲ.

ಸಬ್ಸಿಡಿಯ ಬಗ್ಗೆ ಮಾತ್ರ ನನಗೆ ಸ್ವಲ್ಪ ಕಟುವಾದ ಅಭಿಪ್ರಾಯವಿದೆ. ಆಹಾರ ತಯಾರಿಸುವ ಕಿರು ಉದ್ದಿಮೆಗಳಿಗೆ ಪಿಎಂಎಫ್‌ಎಂಇ ಅನ್ನುವ ಯೋಜನೆ ಬಂತು. ಕೇಂದ್ರದ 35% ಸಹಾಯಧನಕ್ಕೆ ಕರ್ನಾಟಕ ತನ್ನದೂ 15% ಸೇರಿಸಿತು. ಅರ್ಧಕ್ಕರ್ಧ, 15 ಲಕ್ಷದ ತನಕ. ರೊಟ್ಟಿ, ಹಪ್ಪಳ, ಮಸಾಲೆಯವರಿಗೆ ಹೇಳಿ ಮಾಡಿಸಿದಂಥದ್ದು. ಅರ್ಜಿ ಬರೆದುಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದರು, ಅವರ ಸಂಭಾವನೆ ಯೋಜನೆಯಿಂದಲೇ ಬರುತ್ತಿತ್ತು, ಅರ್ಜಿದಾರರು ಕೊಡಬೇಕಿರಲಿಲ್ಲ. ಚೆನ್ನಾಗಿ ಬಳಸಿಕೊಂಡವರನ್ನು ಕಂಡಿದ್ದೇನೆ. ಅರ್ಧ ದುಡ್ಡು ಸರ್ಕಾರ ಕೊಡುತ್ತದೆ ಅಂತ ಮಷಿನ್ ತಂದು, ಅದಕ್ಕೆ ತ್ರೀ ಫೇಸ್ ಕರೆಂಟಿಲ್ಲದೆ, ರಿಪೇರಿ ಮಾಡುವವರು ಸಿಗದೆ, ಅದರ ಮೇಲೆ ಜೋಳದ ಚೀಲ ಪೇರಿಸಿಟ್ಟವರನ್ನೂ ಕಂಡಿದ್ದೇನೆ. ಸಬ್ಸಿಡಿ ಎಷ್ಟೇ ಬರಲಿ, ಉಳಿದರ್ಧ ಸಾಲವೇ. ಕೇಂದ್ರದ ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ಅರ್ಜಿ ಚಾಲ್ತಿಯಲ್ಲಿದೆಯಾ ಅಂತ ಕೇಳಿಕೊಂಡೇ ಮಾತೆತ್ತಿ. ಮಾತೆತ್ತುವ ಮೊದಲು ಒಂದು ಪ್ರಶ್ನೆ ಕೇಳಿ: "ಸಬ್ಸಿಡಿ ಇಲ್ಲದಿದ್ದರೆ ಈ ಮಷಿನ್ ತಗೊಳ್ತಿದ್ರಾ?" ಇಲ್ಲ ಅಂದರೆ ಬೇಡ.

ಒಬ್ಬರೇ ಎಲ್ಲ ಮಾಡಬೇಕಿಲ್ಲ. ನಿಮ್ಮ ಜಿಲ್ಲೆಯ ಆರ್‌ಸೆಟಿಗೆ, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ತರಬೇತಿ ಸಂಸ್ಥೆಗೆ, ಒಮ್ಮೆ ಹೋಗಿ ಬನ್ನಿ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರುಮಾಡಿದ ರುಡ್‌ಸೆಟಿಯನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಬಹುತೇಕ ಜಿಲ್ಲೆಗಳಲ್ಲಿ ಈ ಸಂಸ್ಥೆಗಳು ಬಂದವು. ಅಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಕೆಲವೇ ವಾರ, ಆದರೆ ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಆ ಮಾದರಿಯ ಜೀವಾಳ. ತರಬೇತಿ ಮುಗಿಸಿ ಈಗಷ್ಟೇ ಅಂಗಡಿ ಹಾಕಿದ ಹುಡುಗರು ಅಲ್ಲಿ ಸಿಗುತ್ತಾರೆ, ಅವರಿಗೆ ನಿಮ್ಮಂಥವರು ಬೇಕು. ಬೆಂಗಳೂರಿನ ಮಹಿಳಾ ಉದ್ಯಮಿಗಳ ಸಂಘ ಅವೇಕ್ 1983ರಿಂದ ಉದ್ಯಮಿ ಮಹಿಳೆಯರೇ ಹೊಸಬರಿಗೆ ದಾರಿ ತೋರಿಸುವ ಪದ್ಧತಿ ನಡೆಸಿಕೊಂಡು ಬಂದಿದೆ. ಅಮೆರಿಕದಲ್ಲಿ 1964ರಲ್ಲೇ ಶುರುವಾದ ಸ್ಕೋರ್ ಕೂಡ ನಿವೃತ್ತರನ್ನು ಸಣ್ಣ ವ್ಯಾಪಾರಿಗಳಿಗೆ ಜೋಡಿಸುವಂಥದ್ದೇ. ನಿಮ್ಮ ಆಸೆ ಹೊಸದಲ್ಲ ಅಂತ ಧೈರ್ಯಕ್ಕೆ ಹೇಳಿದೆ.

ಊರು ಸಣ್ಣದಾದಷ್ಟೂ ಬಾಯಿ ಬಿಗಿಯಾಗಿರಬೇಕು, ಇದನ್ನು ಮರೆಯಬೇಡಿ. ಒಂದೇ ಬೀದಿಯ ಎರಡು ಕಿರಾಣಿ ಅಂಗಡಿಗೆ ನೀವೇ ಹೋಗುವುದು ಬೇಡ. ಒಬ್ಬರ ಉದ್ರಿ ಪುಸ್ತಕದಲ್ಲಿ ಇಡೀ ಊರಿನ ಮಾನ ಇರುತ್ತದೆ. ಮೇಷ್ಟ್ರು ಎಷ್ಟು ಬಾಕಿ, ಪಂಚಾಯ್ತಿ ಸದಸ್ಯರು ಎಷ್ಟು ಬಾಕಿ ಎಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೂ ಬಾಯಿಬಿಡುವಂತಿಲ್ಲ. ಹೆಣ್ಣುಮಕ್ಕಳ ವ್ಯಾಪಾರವಾದರೆ ಇನ್ನೊಂದು ವಿಷಯ. ನೀವು ಅಕ್ಕನನ್ನು ಕೇಳುತ್ತೀರಿ, ಗಂಡ ಉತ್ತರ ಹೇಳುತ್ತಾನೆ. ಅವನನ್ನು ಸುಮ್ಮನಿರಿಸಲು ಹೋಗಬೇಡಿ. ಅವನಿಗೆ ಒಂದು ಕೆಲಸ ಕೊಡಿ, "ಗ್ಯಾಸಿನ ಹಳೇ ರಸೀದಿ ಹುಡುಕ್ತೀರಾ?" ಅಂತ. ಅವನು ಒಳಗೆ ಹೋದಾಗ ಲೆಕ್ಕ ಮುಂದುವರಿಯಲಿ. ನಿಮ್ಮ ಶ್ರೀಮತಿಯವರು ಜೊತೆಗೆ ಬಂದರಂತೂ ಅರ್ಧ ಕಷ್ಟ ಕಡಿಮೆ.

ಕೆಲವು ಸಲ ಲೆಕ್ಕವೆಲ್ಲ ಮುಗಿದಮೇಲೆ ಅಂಗಡಿ ಮುಚ್ಚುವುದೇ ಸರಿ ಅನ್ನಿಸುತ್ತದೆ. ಹೇಳಲು ಬಾಯಿ ಬರುವುದಿಲ್ಲ. ನಾನು ಎರಡು ಸಲ ಹೇಳಿದ್ದೇನೆ, ಒಂದು ಸಲ ಹೇಳದೆ ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಈಗಲೂ ಚುಚ್ಚುತ್ತದೆ. ಆ ಕುಟುಂಬ ಇನ್ನೂ ಎಂಟು ತಿಂಗಳು ಬಡ್ಡಿ ಕಟ್ಟಿತು.

ಮೊದಲಿಗೆ ಇಬ್ಬರನ್ನು ಮಾತ್ರ ತಗೊಳ್ಳಿ. ಆರು ತಿಂಗಳು ಅಂತ ಅವರಿಗೂ ಹೇಳಿ. ನಿಮಗೆ ಜಾಮೀನು ಕೇಳಿದವರು ಇದ್ದಾರಲ್ಲ, ಆ ಇಬ್ಬರಲ್ಲಿ ಅವರೂ ಇರಲಿ. "ಆಯ್ತು ಸರ" ಅನ್ನದೆ ತಮ್ಮ ನಿಜವಾದ ಕಷ್ಟ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಹೋಗುವಾಗ ಫೈಲು ಬೇಡ. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್, ಎರಡು ಪೆನ್ನು ಒಯ್ಯಿರಿ, ಒಂದನ್ನು ಅಲ್ಲೇ ಗಲ್ಲಾದಲ್ಲಿ ಬಿಟ್ಟು ಬನ್ನಿ. ಟೈಲರ್ ಅಂಗಡಿಗಾದರೆ ದೀಪಾವಳಿ ಕಳೆದಮೇಲೆ ಹೋಗಿ.